ಸಾಫ್ಟ್‌ವೇರ್ ಕೊಂಡ್ರಿ ಸರಿ, ಹಕ್ಕು ಯಾರ ಹತ್ರ ಇದೆ? ಓಪನ್ ಸೋರ್ಸ್ ಲೈಸೆನ್ಸ್ ಬಗ್ಗೆ ಒಂದಿಷ್ಟು

"ದುಡ್ಡು ಕೊಡದೆ ಸಿಗೋ ಸಾಫ್ಟ್‌ವೇರ್ ಯಾವುದಾದ್ರೂ ಉಂಟಾ?" ಗೋಣಿಕೊಪ್ಪ, ಪೊನ್ನಂಪೇಟೆ ಕಡೆ ಅಂಗಡಿ, ಹೋಮ್‌ಸ್ಟೇ, ತೋಟದ ಆಫೀಸು ಅಂತ ಕಂಪ್ಯೂಟರ್ ಕೆಲಸಕ್ಕೆ ಓಡಾಡೋ ನನ್ನಂಥೋರ ಕಿವಿಗೆ ದಿನಾ ಬೀಳೋ ಮಾತು ಇದು. ಉಂಟು, ಬೇಕಾದಷ್ಟು ಉಂಟು. ಆದ್ರೆ ಯಾರೋ ಪೆನ್‌ಡ್ರೈವಲ್ಲಿ ತಂದು ಹಾಕಿಕೊಟ್ಟ ಕ್ರ್ಯಾಕ್ ಫೋಟೋಶಾಪಿಗೂ ದುಡ್ಡಿಲ್ಲ, ವಾಟ್ಸಾಪಿಗೂ ದುಡ್ಡಿಲ್ಲ, ವರ್ಡ್, ಎಕ್ಸೆಲ್ ಥರದ ಕೆಲಸಕ್ಕಿರೋ ಲಿಬ್ರೆಆಫೀಸಿಗೂ ದುಡ್ಡಿಲ್ಲ, ಈ ಮೂರನ್ನೂ ಒಂದೇ ಮೂಟೇಲಿ ತುಂಬಿಬಿಟ್ರೆ ಮುಂದೆ ಕೈ ಸುಟ್ಕೊಳ್ಳೋದು ಗ್ಯಾರಂಟಿ. ಮೊದಲನೇದು ಕಳ್ಳಮಾಲು. ಎರಡನೇದು ಕಂಪನಿ ತನ್ನ ಲೆಕ್ಕಾಚಾರಕ್ಕೆ ಬಿಟ್ಟಿ ಕೊಟ್ಟಿರೋದು, ನಾಳೆ ಮನಸ್ಸು ಬದಲಾದ್ರೆ ಷರತ್ತೂ ಬದಲಾಗುತ್ತೆ. ಮೂರನೇದು ಮಾತ್ರ ಕಾಗದಪತ್ರ ಸಮೇತ ನಿಮಗೆ ಹಕ್ಕು ಬರೆದುಕೊಟ್ಟಿರೋದು, ಓಪನ್ ಸೋರ್ಸ್ ಅನ್ನೋದು ಇದನ್ನೇ.

ನಮ್ಮ ಕೊಡಗು ಜಿಲ್ಲೆಯೋರಿಗೆ ಇದನ್ನ ಅರ್ಥ ಮಾಡಿಸೋದು ಸುಲಭ, ಯಾಕಂದ್ರೆ ಜಮ್ಮಾ ಬಾಣೆ ಗೊತ್ತಲ್ಲ. ಜಾಗ ತಲೆತಲಾಂತರದಿಂದ ನಮ್ಮ ಸ್ವಾಧೀನದಲ್ಲಿದೆ, ಸೌದೆ ತರ್ತೀವಿ, ಕಾಫಿ ಹಾಕ್ತೀವಿ, ಆದ್ರೆ ಆರ್‌ಟಿಸಿಲಿ ಅನ್‌ರಿಡೀಮ್ಡ್ ಅಂತ ಇದ್ರೆ ಅಲ್ಲಿರೋ ಮರ ಕಡಿದು ಮಾರೋ ಹಕ್ಕು ನಮ್ಮದಲ್ಲ, ಮರದ ಮೌಲ್ಯ ಸರ್ಕಾರಕ್ಕೆ ಕಟ್ಟಿ ರಿಡೀಮ್ ಮಾಡಿಸ್ಕೊಂಡ್ರೆ ಮಾತ್ರ ಕಥೆ ಬೇರೆ. ಅಂದ್ರೆ ಸ್ವಾಧೀನ ಒಂದು, ಬಳಸೋ ಹಕ್ಕು ಒಂದು, ಮಾರೋ ಹಕ್ಕು ಇನ್ನೊಂದು, ಮೂರೂ ಬೇರೆ ಬೇರೆಯವರ ಹತ್ರ ಇರಬಹುದು. ಸಾಫ್ಟ್‌ವೇರ್ ಲೈಸೆನ್ಸಲ್ಲಿ ನಡೆಯೋದೂ ಹಕ್ಕುಗಳನ್ನ ಹೀಗೆ ಸೀಳಿ ಹಂಚೋ ಕೆಲಸವೇ.

ಕಾನೂನಿಂದ ಶುರು ಮಾಡೋಣ. ನಮ್ಮ 1957ರ ಕಾಪಿರೈಟ್ ಆಕ್ಟಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಅನ್ನೋದು ಸಾಹಿತ್ಯ ಕೃತಿಯ ಸಾಲಲ್ಲೇ ಬರುತ್ತೆ, ಕಾದಂಬರಿ ಬರೆದೋರಿಗೆ ಏನೇನು ಹಕ್ಕೋ ಪ್ರೋಗ್ರಾಂ ಬರೆದೋರಿಗೂ ಸುಮಾರಾಗಿ ಅದೇ, ಎಲ್ಲೂ ರಿಜಿಸ್ಟರ್ ಮಾಡಿಸದಿದ್ರೂ ಬರೆದ ಕ್ಷಣದಿಂದ ಹಕ್ಕು ಹುಟ್ಟುತ್ತೆ. ಹಾಗಾಗಿ ಇಂಟರ್‌ನೆಟ್ಟಲ್ಲಿ ಯಾರೋ ಕೋಡ್ ಹಾಕಿದ್ದಾರೆ, ಪಕ್ಕದಲ್ಲಿ ಯಾವ ಲೈಸೆನ್ಸೂ ಇಲ್ಲ ಅಂದ್ರೆ "ಹಾಗಾದ್ರೆ ಯಾರು ಬೇಕಾದ್ರೂ ಬಳಸಬಹುದು" ಅಂತ ಅಂದ್ಕೊಳ್ತಾರೆ, ಕಾನೂನಿನ ಪ್ರಕಾರ ಅದು ಉಲ್ಟಾ, ಲೈಸೆನ್ಸ್ ಇಲ್ಲ ಅಂದ್ರೆ ಅನುಮತಿ ಇಲ್ಲ.

ಈ ಅನುಮತಿ ಮಾರೋ ವ್ಯಾಪಾರ ಅಷ್ಟೇನೂ ಹಳೇದಲ್ಲ. 1960ರ ದಶಕದಲ್ಲಿ ಮೆಷಿನ್ ಜೊತೆ ಸಾಫ್ಟ್‌ವೇರ್ ಸೇರೇ ಬರ್ತಿತ್ತು. 1969ರಲ್ಲಿ ಐಬಿಎಂ ಸಾಫ್ಟ್‌ವೇರಿಗೆ ಬೇರೆ ರೇಟು ಹಾಕ್ತೀನಿ ಅಂತ ಘೋಷಿಸ್ತು, 1976ರಲ್ಲಿ ಮೈಕ್ರೋಸಾಫ್ಟಿನ ಬಿಲ್ ಗೇಟ್ಸ್ ಹವ್ಯಾಸಿ ಕಂಪ್ಯೂಟರ್ ಮಂದಿಗೆ ಬಹಿರಂಗ ಪತ್ರ ಬರೆದು, ನೀವು ನಮ್ಮ ಬೇಸಿಕ್ ಪ್ರೋಗ್ರಾಂನ ದುಡ್ಡು ಕೊಡದೆ ಕಾಪಿ ಹೊಡೀತಿದ್ದೀರಿ, ಇದು ಕಳ್ಳತನ ಅಂತ ನೇರವಾಗೇ ಹೇಳಿದ್ರು. ಅಲ್ಲಿಂದ ದಾರಿ ಎರಡಾಯ್ತು ಅನ್ನಬಹುದು. ಪ್ರೋಗ್ರಾಮರ್ ಬರೆಯೋದು ಮನುಷ್ಯರು ಓದೋಕಾಗೋ ಸೋರ್ಸ್ ಕೋಡ್, ಅದನ್ನ ಮೆಷಿನ್ ಓಡಿಸೋ ಬೈನರಿಯಾಗಿ ಬದಲಾಯಿಸ್ತಾರೆ. ಪ್ರೊಪ್ರೈಟರಿ ಕಂಪನಿಗಳು ಬೈನರಿ ಮಾತ್ರ ಕೊಟ್ಟು ಸೋರ್ಸನ್ನ ಬೀರುವಲ್ಲಿಟ್ಟು ಬೀಗ ಹಾಕ್ತಾವೆ.

ಬೀಗ ಅಷ್ಟೇ ಅಲ್ಲ, ಕಾಗದವೂ ಇದೆ. ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ಯಾರೂ ಓದದೆ "ಅಕ್ಸೆಪ್ಟ್" ಒತ್ತೋ ಉದ್ದದ ಪುಟ ಇದ್ಯಲ್ಲ, ಅದರಲ್ಲಿ ಸ್ಪಷ್ಟವಾಗಿ ಬರೆದಿರುತ್ತೆ, ಈ ಸಾಫ್ಟ್‌ವೇರನ್ನ ನಿಮಗೆ ಮಾರಿಲ್ಲ, ಬಳಸೋಕೆ ಲೈಸೆನ್ಸ್ ಮಾತ್ರ ಕೊಟ್ಟಿದ್ದೀವಿ ಅಂತ. ಇದರ ಬಿಸಿ ತಟ್ಟೋದು ಏಪ್ರಿಲ್ ಮೇ ತಿಂಗಳಲ್ಲಿ. ನಮ್ಮಲ್ಲಿ ಮುಂಗಾರಿಗೆ ಮುಂಚೆ ಬರೋ ಗುಡುಗು ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟು ಬರೋ ಮೆಷಿನ್‌ಗಳಿಗೆ ಲೆಕ್ಕ ಇಲ್ಲ. ಲ್ಯಾಪ್‌ಟಾಪ್ ಜೊತೆ ಬಂದ ಒಇಎಂ (ಮೆಷಿನ್ ಮಾಡಿದ ಕಂಪನಿಯೇ ಹಾಕಿಕೊಟ್ಟ) ವಿಂಡೋಸ್ ಆ ಮೆಷಿನ್‌ಗೇ ಅಂಟಿಕೊಂಡಿರುತ್ತೆ, ಬೋರ್ಡ್ ಬದಲಾಯಿಸಿದ್ರೆ ಆಕ್ಟಿವೇಶನ್ ಹಾರಿಹೋಗಬಹುದು, ಹೊಸ ಮೆಷಿನ್ ತಗೊಂಡ್ರೆ ಹಳೇ ಲೈಸೆನ್ಸನ್ನ ಅದಕ್ಕೆ ಒಯ್ಯೋ ಹಾಗಿಲ್ಲ. "ದುಡ್ಡು ಕೊಟ್ಟಿದ್ದೆ ಅಲ್ವ?" ಅಂತ ಗಿರಾಕಿ ಕೇಳಿದ್ರೆ ಎಂತ ಹೇಳೋದು, ಕೊಟ್ಟಿದ್ದೀರಿ, ಆದ್ರೆ ಕೊಂಡಿದ್ದು ಆ ಒಂದು ಮೆಷಿನ್ ಮೇಲಿನ ಅನುಮತಿ.

ಇನ್ನೊಂದು ದಾರಿ ಹಿಡಿದೋರಲ್ಲಿ ಮುಖ್ಯ ಹೆಸರು ರಿಚರ್ಡ್ ಸ್ಟಾಲ್‌ಮನ್. ಅವರಿದ್ದ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಲ್ಯಾಬಲ್ಲಿ ಹೊಸ ಪ್ರಿಂಟರ್ ಬಂತು, ಪೇಪರ್ ಸಿಕ್ಕಿಹಾಕಿಕೊಂಡಾಗ ಜನಕ್ಕೆ ತಿಳಿಸೋ ಹಾಗೆ ಪ್ರೋಗ್ರಾಂ ತಿದ್ದೋಣ ಅಂದ್ರೆ ಸೋರ್ಸ್ ಕೋಡ್ ಕೊಡಲಿಲ್ಲ, ಹಳೇ ಪ್ರಿಂಟರಿಗೆ ಅವರೇ ತಿದ್ದಿಕೊಂಡಿದ್ರು. ಈ ಕಥೇನ ಅವರು ನೂರಾರು ಸಲ ಹೇಳಿದ್ದಾರೆ. 1983ರಲ್ಲಿ ಯಾರು ಬೇಕಾದ್ರೂ ಓದಿ ತಿದ್ದೋಕಾಗೋ ಆಪರೇಟಿಂಗ್ ಸಿಸ್ಟಮ್ ಕಟ್ಟೋ ಗ್ನೂ ಪ್ರಾಜೆಕ್ಟ್ ಘೋಷಣೆ, 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್, 1989ರಲ್ಲಿ ಜಿಪಿಎಲ್ ಲೈಸೆನ್ಸಿನ ಮೊದಲ ಆವೃತ್ತಿ. ಆಮೇಲೆ 1998ರಲ್ಲಿ ಓಪನ್ ಸೋರ್ಸ್ ಅನ್ನೋ ಹೆಸರು ಬಂತು, ಫ್ರೀ ಸಾಫ್ಟ್‌ವೇರ್, ಓಪನ್ ಸೋರ್ಸ್ ಅನ್ನೋ ಎರಡು ಪಂಗಡದವರ ನಡುವೆ ಸಿದ್ಧಾಂತದ ಜಗಳ ಇವತ್ತಿಗೂ ಉಂಟು, ಅದಕ್ಕೆ ನಾನು ತಲೆ ಹಾಕಲ್ಲ.

ಜಿಪಿಎಲ್‌ನ ಚಾಲಾಕಿತನ ನೋಡಿ. ಕಾಪಿರೈಟನ್ನ ಬಿಟ್ಟುಕೊಡಲ್ಲ, ಇಟ್ಕೊಂಡೇ ಅದನ್ನ ತಿರುಗಿಸಿ ಬಳಸುತ್ತೆ. ಓಡಿಸಿ, ಓದಿ, ತಿದ್ದಿ, ಹಂಚಿ, ಮಾರಿ ಬೇಕಾದ್ರೂ, ಆದ್ರೆ ಬೇರೆಯವರಿಗೆ ಕೊಟ್ರೆ ಅವರಿಗೂ ಸೋರ್ಸ್ ಸಿಗಬೇಕು, ಇದೇ ಹಕ್ಕುಗಳು ಸಿಗಬೇಕು, ನೀವು ಸೇರಿಸಿದ್ದಕ್ಕೂ ಇದೇ ಷರತ್ತು. ಇದನ್ನ ಕಾಪಿಲೆಫ್ಟ್ ಅಂತಾರೆ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬಿಟ್ಟ ಲಿನಕ್ಸ್‌ಗೆ (ವಿಂಡೋಸ್ ಥರ ಮೆಷಿನ್ ನಡೆಸೋ ಸಾಫ್ಟ್‌ವೇರ್) ಮೊದಲು ವ್ಯಾಪಾರಕ್ಕೆ ಬಳಸಬಾರದು ಅನ್ನೋ ಥರದ ಲೈಸೆನ್ಸ್ ಇತ್ತು, 1992ರಲ್ಲಿ ಜಿಪಿಎಲ್‌ಗೆ ಬದಲಾಯಿಸಿದ್ರು, ಕಂಪನಿಗಳು ಲಿನಕ್ಸ್ ಹಿಂದೆ ಬಿದ್ದಿದ್ದು ಅದಾದ ಮೇಲೇನೇ. ಜನ ತಪ್ಪು ತಿಳ್ಕೊಳ್ಳೋ ಒಂದು ವಿಷಯ ಅಂದ್ರೆ ತಿದ್ದಿದ್ದನ್ನೆಲ್ಲ ಊರಿಗೇ ಹಂಚಬೇಕು ಅಂತ. ಇಲ್ಲ ಮಾರಾಯ್ರೆ, ನಿಮ್ಮ ತೋಟದ ಚೆಕ್‌ರೋಲ್ (ಕೂಲಿಯೋರ ಹಾಜರಿ) ಲೆಕ್ಕಕ್ಕೆ ಜಿಪಿಎಲ್ ಪ್ರೋಗ್ರಾಂ ಒಂದನ್ನ ತಿದ್ದಿ ನಿಮ್ಮ ಆಫೀಸಲ್ಲೇ ಓಡಿಸ್ಕೊಂಡ್ರೆ ಯಾರಿಗೂ ತೋರಿಸಬೇಕಾಗಿಲ್ಲ, ಪಕ್ಕದ ಎಸ್ಟೇಟಿಗೆ ಮಾರಿದ್ರೆ ಅವರಿಗೆ ಸೋರ್ಸ್ ಕೊಡ್ಬೇಕು, ಅಷ್ಟೇ.

ಇದು ಬರೀ ಕಾಗದದ ಮೇಲಿನ ಆದರ್ಶವಾಗಿ ಉಳಿದಿಲ್ಲ. 2003ರಲ್ಲಿ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯೂಆರ್‌ಟಿ54ಜಿ ಅನ್ನೋ ವೈಫೈ ರೂಟರ್ ಒಳಗೆ ಲಿನಕ್ಸ್ ಓಡ್ತಿರೋದನ್ನ ಹುಡುಗರು ಪತ್ತೆ ಹಚ್ಚಿದ್ರು, ಜಿಪಿಎಲ್ ಪ್ರಕಾರ ಸೋರ್ಸ್ ಎಲ್ಲಿ ಅಂತ ಹಿಡ್ಕೊಂಡ್ರು, ಕೊನೆಗೆ ಕಂಪನಿ ಕೋಡ್ ಬಿಡಬೇಕಾಯ್ತು. ಅದನ್ನ ಆಧಾರವಾಗಿಟ್ಕೊಂಡು ಹುಟ್ಟಿದ್ದೇ ಓಪನ್‌ಡಬ್ಲ್ಯೂಆರ್‌ಟಿ, ಇವತ್ತಿಗೂ ಕಂಪನಿ ಕೈಬಿಟ್ಟ ಎಷ್ಟೋ ಹಳೇ ರೂಟರ್‌ಗಳು ಅದರಲ್ಲಿ ಬದುಕಿವೆ. 2004ರಲ್ಲಿ ಜರ್ಮನಿಯ ಮ್ಯೂನಿಕ್ ಕೋರ್ಟು ಸೈಟ್‌ಕಾಂ ಅನ್ನೋ ಕಂಪನಿ ಕೇಸಲ್ಲಿ ಜಿಪಿಎಲ್ ಷರತ್ತು ಪಾಲಿಸದೆ ಹಂಚಬೇಡ ಅಂತ ತಡೆ ಹಾಕಿತು. ನಂಬಿಕೆ ಬರದಿದ್ರೆ ನಿಮ್ಮ ಆಂಡ್ರಾಯ್ಡ್ ಫೋನ್ ತೆಗೀರಿ, ಸೆಟ್ಟಿಂಗ್ಸಲ್ಲಿ ಅಬೌಟ್ ಫೋನ್, ಅದರೊಳಗೆ ಲೀಗಲ್ ಇನ್ಫರ್ಮೇಶನ್, ಅಲ್ಲಿ ಓಪನ್ ಸೋರ್ಸ್ ಅಥವಾ ಥರ್ಡ್ ಪಾರ್ಟಿ ಲೈಸೆನ್ಸ್ ಅಂತ ಒಂದು ಪಟ್ಟಿ ಇರುತ್ತೆ, ಒತ್ತಿದ್ರೆ ಲೋಡ್ ಆಗೋಕೇ ಸ್ವಲ್ಪ ಹೊತ್ತು ಬೇಕು, ಅಷ್ಟು ಉದ್ದ. ಲೈಸೆನ್ಸ್ ಷರತ್ತಿಗೋಸ್ಕರ ಇಟ್ಟಿರೋ ಪಟ್ಟಿ ಅದು.

ಆ ಪಟ್ಟೀಲಿ ಜಿಪಿಎಲ್‌ಗಿಂತ ಜಾಸ್ತಿ ಕಣ್ಣಿಗೆ ಬೀಳೋದು ಎಂಐಟಿ, ಬಿಎಸ್‌ಡಿ, ಅಪಾಚೆ ಥರದ ಸಡಿಲ ಲೈಸೆನ್ಸ್‌ಗಳು. ಇವು ಹೆಚ್ಚೇನೂ ಕೇಳಲ್ಲ, ನನ್ನ ಹೆಸರು ಮತ್ತು ಈ ನೋಟಿಸ್ ಉಳಿಸ್ಕೊಳ್ಳಿ, ಏನಾದ್ರೂ ಕೆಟ್ರೆ ನನ್ನ ಕೇಳಬೇಡಿ. ಇಂಥ ಕೋಡ್ ತಗೊಂಡು ಮುಚ್ಚಿದ ಸಾಫ್ಟ್‌ವೇರ್ ಮಾಡಿ ಮಾರಬಹುದು. ಕಂಪನಿಗಳಿಗೆ ಇಷ್ಟ ಆಗೋದು ಇದಕ್ಕೇ. ಆಂಡ್ರಾಯ್ಡನ್ನೇ ತಗೊಳ್ಳಿ, ತಳದಲ್ಲಿರೋ ಲಿನಕ್ಸ್ ಕರ್ನಲ್, ಅಂದ್ರೆ ಅದರ ತಿರುಳು, ಜಿಪಿಎಲ್, ಅದರ ಮೇಲಿನ ಬಹುಪಾಲು ಅಪಾಚೆ, ಹಾಗಾಗಿ ಆಂಡ್ರಾಯ್ಡ್ ಓಪನ್ ಸೋರ್ಸ್ ಅಂತ ಹೇಳೋದು ಸುಳ್ಳಲ್ಲ. ಆದ್ರೆ ಪ್ಲೇ ಸ್ಟೋರ್, ಮ್ಯಾಪ್ಸ್, ಪ್ಲೇ ಸರ್ವಿಸಸ್ ಗೂಗಲ್ಲಿನ ಸ್ವಂತ ಪ್ರೊಪ್ರೈಟರಿ ಮಾಲು, ಪ್ಲೇ ಸ್ಟೋರ್ ಬೇಕಾ, ಹಾಗಾದ್ರೆ ನಮ್ಮ ಆ್ಯಪ್‌ಗಳ ಇಡೀ ಕಟ್ಟು ಹಾಕಿ, ಆಂಡ್ರಾಯ್ಡನ್ನ ಬೇರೆ ದಾರೀಲಿ ತಿದ್ದಿದ ಫೋನ್ ಮಾರಬೇಡಿ ಅಂತ ಫೋನ್ ಕಂಪನಿಗಳ ಜೊತೆ ಒಪ್ಪಂದ ಮಾಡ್ಕೊಂಡಿತ್ತು. ಇದೇ ವಿಷಯಕ್ಕೆ ನಮ್ಮ ಕಾಂಪಿಟಿಷನ್ ಕಮಿಷನ್ 2022ರ ಅಕ್ಟೋಬರಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು, ಅಪೀಲಿಗೆ ಹೋದಾಗ 2023ರ ಮಾರ್ಚಲ್ಲಿ ಮೇಲ್ಮನವಿ ನ್ಯಾಯಮಂಡಳಿ ಎನ್‌ಸಿಎಲ್‌ಎಟಿ ಕೆಲವು ಆದೇಶ ತೆಗೆದುಹಾಕಿದ್ರೂ ದಂಡವನ್ನ ಎತ್ತಿಹಿಡೀತು. ಕೋಡ್ ಓಪನ್ ಆದ ಮಾತ್ರಕ್ಕೆ ವ್ಯಾಪಾರವೂ ಓಪನ್ ಆಗಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗಂತೂ ಗೊತ್ತಿಲ್ಲ.

ಕನ್ನಡದ ವಿಷಯಕ್ಕೆ ಬಂದ್ರೆ ಫಾಂಟ್ ನೋಡಬೇಕು, ಡಿಟಿಪಿ ಅಂಗಡಿಯೋರು ಇದನ್ನ ಓದ್ತಿದ್ರೆ ಸ್ವಲ್ಪ ಗಮನ ಕೊಡಿ. ವಿಂಡೋಸ್ ಜೊತೆ ಬರೋ ತುಂಗಾ ಫಾಂಟಲ್ಲಿ ನೀವು ಮದುವೆ ಕಾಗದ ಮಾಡಿ ಪ್ರಿಂಟ್ ಹಾಕಿದ್ರೆ ತೊಂದರೆ ಇಲ್ಲ, ಆದ್ರೆ ಆ ಫಾಂಟ್ ಫೈಲನ್ನೇ ಕಾಪಿ ಮಾಡಿ ಗಿರಾಕಿಗೆ ಕಳಿಸೋದು, ನಿಮ್ಮ ಆ್ಯಪ್ ಒಳಗೆ ಸೇರಿಸೋದು ಮಾಡೋ ಹಾಗಿಲ್ಲ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಇವೆಲ್ಲ ಓಪನ್ ಫಾಂಟ್ ಲೈಸೆನ್ಸಲ್ಲಿ ಇರೋವು, ಹಂಚಬಹುದು, ತಿದ್ದಬಹುದು, ಸಾಫ್ಟ್‌ವೇರ್ ಜೊತೆ ಸೇರಿಸಿ ಮಾರಬಹುದು, ಬರೀ ಫಾಂಟನ್ನೇ ಪ್ರತ್ಯೇಕವಾಗಿ ಮಾರೋ ಹಾಗಿಲ್ಲ ಅಷ್ಟೇ. ಗುಬ್ಬಿ, ನವಿಲು ಅಂತ ನಮ್ಮ ಕನ್ನಡದೋರೇ ಮಾಡಿದ ಓಪನ್ ಸೋರ್ಸ್ ಫಾಂಟ್‌ಗಳೂ ಇವೆ. ಇನ್ನು ಹಳೇ ಕಾಲದ ನುಡಿ, ಬರಹ ಫಾಂಟಲ್ಲಿ ಟೈಪ್ ಮಾಡಿದ ಫೈಲ್ ತಗೊಂಡು ಫೋನಲ್ಲಿ ತೆಗೆದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿ ಚೆಲ್ಲಿದ ಹಾಗೆ ಕಾಣುತ್ತೆ. ಯೂನಿಕೋಡ್, ಅಂದ್ರೆ ಎಲ್ಲ ಮೆಷಿನ್ನೂ ಒಂದೇ ಥರ ಓದೋ ಅಕ್ಷರ ಸಂಕೇತ, ಪಕ್ಕಾ ನೆಲೆಯೂರೋಕೆ ಮುಂಚೆ ಕಟ್ಟಿದ್ದು, ತಪ್ಪು ಹೊರಿಸೋದು ಅನ್ಯಾಯ, ಅವು ಇಲ್ಲದಿದ್ರೆ ಕಂಪ್ಯೂಟರಲ್ಲಿ ಕನ್ನಡವೇ ಇರ್ತಿರಲಿಲ್ಲವೇನೋ. ಆದ್ರೆ ಬಿಟ್ಟಿ ಸಿಕ್ಕಿದ್ದೆಲ್ಲ ಮುಂದಕ್ಕೂ ತೆರೆದುಕೊಳ್ಳುತ್ತೆ ಅಂತ ಗ್ಯಾರಂಟಿ ಇಲ್ಲ, ಪಂಚಾಯಿತಿ, ಸಂಘ, ಸೊಸೈಟಿಗಳ ಎಷ್ಟೋ ವರ್ಷದ ದಾಖಲೆ ಈ ಥರ ಒಂದು ಫಾಂಟಿಗೆ ಗಂಟು ಬಿದ್ದು ಕೂತಿದೆ.

ಸರಿ, ಬಿಟ್ಟಿ ಕೊಟ್ರೆ ಇವರು ಹೊಟ್ಟೆಗೆ ಏನು ತಿಂತಾರೆ? ನ್ಯಾಯವಾದ ಪ್ರಶ್ನೆ. ರೆಡ್ ಹ್ಯಾಟ್ ಲಿನಕ್ಸ್ ಕೊಟ್ಟು ಸಪೋರ್ಟಿಗೆ, ಅಪ್‌ಡೇಟಿಗೆ ವರ್ಷಕ್ಕಿಷ್ಟು ಅಂತ ವಸೂಲಿ ಮಾಡಿ ಬೆಳೆದ ಕಂಪನಿ, 2019ರಲ್ಲಿ ಐಬಿಎಂ ಅದನ್ನ 34 ಬಿಲಿಯನ್ ಡಾಲರ್ ಕೊಟ್ಟು ಕೊಂಡ್ಕೊಳ್ತು. ನಮ್ಮ ದೇಶದ್ದೇ ಬೇಕಂದ್ರೆ ಮುಂಬೈಯ ಫ್ರಾಪೆ ಕಂಪನಿ ಇದೆ, ವ್ಯಾಪಾರದ ಲೆಕ್ಕಪತ್ರ ನೋಡೋ ಅವರ ಇಆರ್‌ಪಿನೆಕ್ಸ್ಟ್ ಜಿಪಿಎಲ್ ಲೈಸೆನ್ಸಲ್ಲಿ ಪೂರ್ತಿ ಸಿಗುತ್ತೆ, ಸ್ವಂತ ಸರ್ವರಲ್ಲಿ ಹಾಕ್ಕೊಳ್ಳಿ ಬಿಟ್ಟಿ, ನಮಗೆ ಆ ತಲೆನೋವು ಬೇಡ ನೀವೇ ನಡೆಸಿಕೊಡಿ ಅಂದ್ರೆ ತಿಂಗಳ ಬಾಡಿಗೆ. ಡೇಟಾಬೇಸ್ ಮಾಡೋ ಮೈಎಸ್‌ಕ್ಯೂಎಲ್ ಥರದವರು ಜಿಪಿಎಲ್ಲೂ ಇಟ್ಟು, ಅದರ ಷರತ್ತು ಬೇಡ ಅನ್ನೋರಿಗೆ ಬೇರೆ ಲೈಸೆನ್ಸ್ ಮಾರಿದ್ರು. ಪ್ರೋಗ್ರಾಮರ್‌ಗಳು ಕೋಡ್ ಇಡೋ ಗಿಟ್‌ಲ್ಯಾಬ್ ಅಡಿಪಾಯ ಓಪನ್ ಇಟ್ಟು ದೊಡ್ಡ ಕಂಪನಿಗೆ ಬೇಕಾಗೋ ಫೀಚರ್‌ಗಳಿಗೆ ಕಾಸು ಕೇಳುತ್ತೆ.

ಇಲ್ಲಿಂದ ಮುಂದಿನ ಕಥೆ ಕಳೆದ ಏಳೆಂಟು ವರ್ಷದ್ದು, ಓಪನ್ ಸೋರ್ಸ್ ಅಂದ್ರೆ ಕಣ್ಣುಮುಚ್ಚಿ ನಂಬೋರು ಇದನ್ನ ತಿಳ್ಕೊಳ್ಳಲೇಬೇಕು. ಜಿಪಿಎಲ್ ಷರತ್ತು ಶುರುವಾಗೋದು ಬೇರೆಯವರಿಗೆ ಹಂಚಿದಾಗ ಅಂದ್ನಲ್ಲ, ಕ್ಲೌಡಲ್ಲಿ ಯಾರೂ ಏನನ್ನೂ ಹಂಚಲ್ಲ, ಸಾಫ್ಟ್‌ವೇರ್ ಕ್ಲೌಡ್ ಕಂಪನಿಯ ಸರ್ವರಲ್ಲೇ ಓಡುತ್ತೆ, ನಾವು ಬಾಡಿಗೆ ಕೊಟ್ಟು ಬಳಸ್ತೀವಿ. ಈ ಕಿಂಡಿ ಮುಚ್ಚೋಕೆ ಅಂತ 2007ರಲ್ಲಿ ಎಜಿಪಿಎಲ್ ಬಂತು, ನೆಟ್‌ವರ್ಕ್ ಮೂಲಕ ಬಳಸೋರಿಗೂ ಸೋರ್ಸ್ ಕೊಡಿ ಅನ್ನುತ್ತೆ ಅದು. ಆದ್ರೂ ದೊಡ್ಡ ಕ್ಲೌಡ್ ಕಂಪನಿಗಳು ನಮ್ಮ ಬೆವರಲ್ಲಿ ದುಡ್ಡು ಮಾಡ್ತಿದ್ದಾವೆ ಅಂತ ಸಿಟ್ಟಾಗಿ ಸರ್ವರ್ ಸಾಫ್ಟ್‌ವೇರ್ ಮಾಡೋರು, 2018ರಲ್ಲಿ ಮಂಗೋಡಿಬಿ, 2021ರಲ್ಲಿ ಇಲಾಸ್ಟಿಕ್‌ಸರ್ಚ್, 2023ರಲ್ಲಿ ಟೆರಾಫಾರ್ಮ್ ಮಾಡಿದ ಹ್ಯಾಶಿಕಾರ್ಪ್, 2024ರಲ್ಲಿ ರೆಡಿಸ್, ಒಬ್ಬರ ಹಿಂದೆ ಒಬ್ಬರು ಲೈಸೆನ್ಸ್ ಬದಲಾಯಿಸಿದ್ರು. ಸೋರ್ಸ್ ಕಾಣುತ್ತೆ, ಆದ್ರೆ ನಮ್ಮ ಜೊತೆ ಪೈಪೋಟಿ ಮಾಡೋ ಹಾಗೆ ಬಳಸೋ ಹಾಗಿಲ್ಲ ಅನ್ನೋ ಥರದ್ದು, ಇವನ್ನ ಓಪನ್ ಸೋರ್ಸ್ ಪಂಗಡದೋರು ಓಪನ್ ಸೋರ್ಸ್ ಅಂತ ಒಪ್ಪಲ್ಲ.

ಆದ್ರೆ ಆಮೇಲೆ ಆಗಿದ್ದು ನೋಡಿ. ಹೊಸ ಲೈಸೆನ್ಸ್ ಬರೀ ಹೊಸ ವರ್ಶನ್‌ಗೆ, ಹಳೇ ವರ್ಶನ್ ಜೊತೆ ಕೊಟ್ಟ ಹಕ್ಕನ್ನ ಕಿತ್ಕೊಳ್ಳೋಕೆ ಆಗಲ್ಲ. ಹಾಗಾಗಿ ಹಳೇ ಕೋಡನ್ನೇ ಎತ್ಕೊಂಡು ಜನ ಬೇರೆ ಒಲೆ ಹೂಡಿದ್ರು, ಇಲಾಸ್ಟಿಕ್‌ಸರ್ಚಿಂದ ಓಪನ್‌ಸರ್ಚ್, ಟೆರಾಫಾರ್ಮಿಂದ ಓಪನ್‌ಟೋಫು, ರೆಡಿಸಿಂದ ವಾಲ್ಕೀ. ಗಿರಾಕಿಗಳು ಅತ್ತ ಸರಿಯೋದನ್ನ ನೋಡಿಯೋ ಏನೋ, ಇಲಾಸ್ಟಿಕ್ 2024ರಲ್ಲಿ, ರೆಡಿಸ್ 2025ರಲ್ಲಿ ಎಜಿಪಿಎಲ್ ಆಯ್ಕೆಯನ್ನೂ ಸೇರಿಸಿ ವಾಪಸ್ ಬಂದ್ವು.

ಇವರಿಗೆಲ್ಲ ಲೈಸೆನ್ಸ್ ಬದಲಾಯಿಸೋಕೆ ಹೇಗೆ ಸಾಧ್ಯ ಆಯ್ತು, ಲಿನಕ್ಸಿಗೆ ಯಾಕೆ ಹಾಗೆ ಆಗಲ್ಲ? ನನ್ನ ಕೇಳಿದ್ರೆ ಈ ಇಡೀ ವಿಷಯದ ಕೀಲಿ ಇರೋದೇ ಇಲ್ಲಿ. ಕೆಲವು ಕಂಪನಿಗಳು ಹೊರಗಿನವರು ಕೋಡ್ ಕಳಿಸಿದ್ರೆ ಮೊದಲು ಒಂದು ಒಪ್ಪಂದಕ್ಕೆ ಸಹಿ ಹಾಕಿಸ್ಕೊಳ್ತಾವೆ, ನೀವು ಕೊಟ್ಟ ಕೋಡನ್ನ ನಾವು ಯಾವ ಲೈಸೆನ್ಸಲ್ಲಿ ಬೇಕಾದ್ರೂ ಬಿಡಬಹುದು ಅಂತ. ಅಲ್ಲಿಗೆ ಜುಟ್ಟು ಒಬ್ಬರ ಕೈಲಿ. ಇನ್ನು ಕೋಡ್ ಎಂಐಟಿ ಬಿಎಸ್‌ಡಿ ಥರ ಸಡಿಲ ಇದ್ರಂತೂ ಅದೂ ಬೇಕಾಗಲ್ಲ, ರೆಡಿಸ್ ಹಳೇ ಲೈಸೆನ್ಸ್ ಬಿಎಸ್‌ಡಿ. ಲಿನಕ್ಸ್ ಕರ್ನಲಲ್ಲಿ ಹಾಗಿಲ್ಲ, ಬರೆದೋರು ಸಾವಿರಾರು ಜನ, ಕಾಪಿರೈಟ್ ಅವರವರ ಹತ್ರ ಅಥವಾ ಅವರ ಕಂಪನಿ ಹತ್ರಾನೇ ಉಳಿದಿದೆ, ಅದೂ ಜಿಪಿಎಲ್ ಅಡಿ. ಬದಲಾಯಿಸಬೇಕಂದ್ರೆ ಎಲ್ಲರನ್ನೂ ಕೇಳಬೇಕು, ಅವರಲ್ಲಿ ಕೆಲವರು ಬದುಕಿಲ್ಲ. ಒಕ್ಕದ (ಕೊಡವ ಕುಟುಂಬದ) ಆಸ್ತಿ ಪಾಲು ಮಾಡೋಕೆ ಎಲ್ಲರ ಸಹಿ ಹುಡುಕ್ಕೊಂಡು ಹೋದೋರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಪ್ರೊಪ್ರೈಟರಿ ಕಡೆ ಬದಲಾವಣೆ ಬಂದ್ರೆ ಹೀಗೆ ಹಳೇದನ್ನ ಎತ್ಕೊಂಡು ಹೊರಡೋ ದಾರಿ ಇರಲ್ಲ, ವ್ಯತ್ಯಾಸ ಅಷ್ಟೇ, ಆದ್ರೆ ಅದು ದೊಡ್ಡ ವ್ಯತ್ಯಾಸ. ಅಡೋಬಿ 2013ರಲ್ಲಿ ಒಂದು ಸಲ ದುಡ್ಡು ಕೊಟ್ಟು ಇಟ್ಕೊಳ್ಳೋ ಫೋಟೋಶಾಪಿನ ಹೊಸ ವರ್ಶನ್ ತರೋದನ್ನ ನಿಲ್ಲಿಸಿ ಬಾಡಿಗೆಗೆ ಹೋಯ್ತು, ಬ್ರಾಡ್‌ಕಾಮ್ 2023ರ ನವೆಂಬರಲ್ಲಿ ಸರ್ವರ್ ಸಾಫ್ಟ್‌ವೇರ್ ಕಂಪನಿ ವಿಎಂವೇರ್ ಕೊಂಡು ಡಿಸೆಂಬರಲ್ಲೇ ಶಾಶ್ವತ ಲೈಸೆನ್ಸ್ ಮಾರಾಟ ಮುಗೀತು ಅಂತು. 2025ರ ಜುಲೈಲಿ ಯುರೋಪಿಯನ್ ಯೂನಿಯನ್ ನಿರ್ಬಂಧದ ಕಾರಣಕ್ಕೆ ನಯಾರಾ ಎನರ್ಜಿಗೆ ಮೈಕ್ರೋಸಾಫ್ಟ್ ತನ್ನ ಸೇವೆ ನಿಲ್ಲಿಸಿಬಿಡ್ತು, ಗುಜರಾತಲ್ಲಿ ರಿಫೈನರಿ ಇರೋ ಕಂಪನಿ, ದುಡ್ಡು ಕಟ್ಟಿದ್ದಾರೆ, ಇಮೇಲೇ ಬಂದ್, ದೆಹಲಿ ಹೈಕೋರ್ಟಿಗೆ ಹೋದ ಮೇಲೆ ವಾಪಸ್ ಬಂತು. ನಮ್ಮ ಮಟ್ಟದಲ್ಲೂ ಇದೇ ಆಟ ನಡೆಯುತ್ತೆ. ನನಗೆ ಗೊತ್ತಿರೋ ಹೋಮ್‌ಸ್ಟೇ ಒಂದರಲ್ಲಿ ಬುಕಿಂಗ್ ಸಾಫ್ಟ್‌ವೇರ್ ಹಾಕಿಸಿದ್ರು, ಒಂದೇ ಸಲದ ದುಡ್ಡು ಅಂತ ಮಾತು, ಆಮೇಲೆ ವರ್ಷಕ್ಕಿಷ್ಟು ಅಂತ ಶುರುವಾಯ್ತು, ಬೇಡ ನಮ್ಮ ಗೆಸ್ಟ್ ಲಿಸ್ಟ್ ಕೊಡಿ ಹೋಗ್ತೀವಿ ಅಂದ್ರೆ ಬಂದಿದ್ದು ಪುಟಗಟ್ಟಲೆ ಪಿಡಿಎಫ್. ಎಕ್ಸೆಲ್ ಇಲ್ಲ, ಸಿಎಸ್‌ವಿ (ಬೇರೆ ಸಾಫ್ಟ್‌ವೇರಿಗೂ ಹಾಕೋಕಾಗೋ ಸಾದಾ ಪಟ್ಟಿ ಫೈಲ್) ಇಲ್ಲ, ಕೂತು ಕೈಯಲ್ಲಿ ಟೈಪ್ ಮಾಡಬೇಕು. ನಯಾರಾ ವಿಷಯದಲ್ಲಿ ಒಂದು ಮಾತು ಸೇರಿಸ್ಬೇಕು, ಬೇರೆಯವರ ಸರ್ವರಲ್ಲಿ ಓಡೋ ಓಪನ್ ಸೋರ್ಸ್ ಆದ್ರೂ ಅವರು ಸ್ವಿಚ್ ಆಫ್ ಮಾಡಬಹುದು, ಆದ್ರೆ ಅದೇ ಸಾಫ್ಟ್‌ವೇರನ್ನ ಇನ್ನೊಂದು ಕಡೆ ಎಬ್ಬಿಸಿ ನಿಲ್ಲಿಸೋ ಹಕ್ಕು ನಿಮಗಿರುತ್ತೆ.

ಹಾಗಂತ ದುಡ್ಡಿನ ಸಾಫ್ಟ್‌ವೇರೆಲ್ಲ ಮೋಸ ಅನ್ನೋದು ನನ್ನ ವಾದ ಅಲ್ಲ. ಟ್ಯಾಲಿ ನೋಡಿ, ಬೆಂಗಳೂರಿನ ಕಂಪನಿ, ಪಕ್ಕಾ ಪ್ರೊಪ್ರೈಟರಿ, ಆದ್ರೂ ಕುಶಾಲನಗರದಿಂದ ವಿರಾಜಪೇಟೆ ತನಕ ಅಂಗಡಿ ಲೆಕ್ಕ ನಡೀತಿರೋದು ಅದರಲ್ಲೇ, ಜಿಎಸ್‌ಟಿ ನಿಯಮ ಬದಲಾದ್ರೆ ಅಪ್‌ಡೇಟ್ ಬರುತ್ತೆ, ಲೆಕ್ಕ ನೋಡೋ ಆಡಿಟರಿಗೆ ಗೊತ್ತು, ಕೆಲಸಕ್ಕೆ ಬರೋ ಹುಡುಗಿಗೂ ಗೊತ್ತು. ಇಆರ್‌ಪಿನೆಕ್ಸ್ಟ್ ಎಷ್ಟೇ ಚೆನ್ನಾಗಿದ್ರೂ ಜುಲೈ ಮಳೇಲಿ ಕರೆಂಟು, ನೆಟ್ಟು ಎರಡೂ ಹೋದಾಗ ಬಂದು ಸರ್ವರ್ ಎಬ್ಬಿಸೋರು ನಮ್ಮೂರಲ್ಲಿ ಯಾರು? ಓಪನ್ ಸೋರ್ಸಿನ ಖರ್ಚು ಇರೋದು ಗೊತ್ತಿರೋ ಮನುಷ್ಯರಲ್ಲಿ. ಆ ಮನುಷ್ಯರನ್ನ ತಯಾರು ಮಾಡೋದು ಹೇಗೆ ಅನ್ನೋಕೆ ದೂರ ಹೋಗೋದು ಬೇಡ, ಮಾಕುಟ್ಟ ಗೇಟ್ ದಾಟಿ ಇರಿಟ್ಟಿ ಕಡೆ ಇಳಿದ್ರೆ ಅಲ್ಲಿನ ಸರ್ಕಾರಿ ಶಾಲೆ ಮಕ್ಕಳು ಕಂಪ್ಯೂಟರ್ ಕಲಿಯೋದೇ ಲಿನಕ್ಸಲ್ಲಿ, ಕೇರಳ ಸರ್ಕಾರದ ಕೈಟ್ ಸಂಸ್ಥೆ ಶಾಲೆಗೋಸ್ಕರವೇ ಅದನ್ನ ಹದ ಮಾಡಿಕೊಟ್ಟಿದೆ. ಕೇಂದ್ರ ಸರ್ಕಾರಾನೂ 2015ರಲ್ಲಿ ಸರ್ಕಾರಿ ಕೆಲಸಕ್ಕೆ ಓಪನ್ ಸೋರ್ಸನ್ನ ಮೊದಲು ನೋಡಿ ಅಂತ ನೀತಿ ತಂತು, ನಮ್ಮ ಕಚೇರಿಗಳ ಸ್ಕ್ರೀನ್ ನೋಡಿದ್ರೆ ಅದು ಇಲ್ಲಿ ತನಕ ಹತ್ತಿ ಬಂದ ಹಾಗೆ ಕಾಣಲ್ಲ.

ಕ್ರ್ಯಾಕ್ ಬಗ್ಗೆ ಒಂದೇ ಮಾತು. ಗೊತ್ತಿದ್ದೂ ಕಳ್ಳ ಕಾಪಿ ಬಳಸಿದ್ರೆ ಕಾಪಿರೈಟ್ ಆಕ್ಟಿನ 63ಬಿ ಸೆಕ್ಷನ್ ಪ್ರಕಾರ 7 ದಿನದಿಂದ 3 ವರ್ಷ ತನಕ ಜೈಲು, 50 ಸಾವಿರದಿಂದ 2 ಲಕ್ಷ ತನಕ ದಂಡ, ವ್ಯಾಪಾರಕ್ಕೆ ಬಳಸದಿದ್ರೆ ಮಾತ್ರ ಕೋರ್ಟ್ ಜೈಲು ಬಿಟ್ಟು ಬರೀ ದಂಡ ಹಾಕಬಹುದು. ಇಷ್ಟಿದ್ದೂ ಕಂಪನಿಗಳು ಸಣ್ಣವರ ಹಿಂದೆ ಯಾಕೆ ಬೀಳಲ್ಲ ಅಂದ್ರೆ, ಗೇಟ್ಸೇ 1998ರಲ್ಲಿ ಚೀನಾ ಬಗ್ಗೆ ಬಾಯಿಬಿಟ್ಟು ಹೇಳಿದ್ದು ಉಂಟು, ಕದಿಯೋದಾದ್ರೆ ನಮ್ಮದನ್ನೇ ಕದೀಲಿ, ಚಟ ಹತ್ತಲಿ, ವಸೂಲಿ ಹೇಗೆ ಅಂತ ಆಮೇಲೆ ನೋಡ್ಕೊಳ್ತೀವಿ ಅನ್ನೋ ಅರ್ಥದಲ್ಲಿ.

ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, 11 ಹಾಕೋಣ ಅಂದ್ರೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇಲ್ಲದ ಹಳೇ ಮೆಷಿನ್ ತಗೊಳ್ಳಲ್ಲ, ಹಾಗಾಗಿ ಈಗ ಎಲ್ಲರ ಕೈಲೂ ಈ ತಲೆನೋವು ಇದೆ. ಹೋಮ್‌ಸ್ಟೇ ರಿಸೆಪ್ಶನ್‌ನ ಹಳೇ ಲ್ಯಾಪ್‌ಟಾಪಲ್ಲಿ ಬ್ರೌಸರ್, ಪಿಡಿಎಫ್, ಪ್ರಿಂಟ್ ಅಷ್ಟೇ ಕೆಲಸ ಅಂದ್ರೆ ಲಿನಕ್ಸ್ ಮಿಂಟ್ ಹಾಕಿ, ಆದ್ರೆ ಮೊದಲು ಮಿಂಟನ್ನ ಪೆನ್‌ಡ್ರೈವಿಂದಲೇ ಓಡಿಸಿ ಪ್ರಿಂಟರ್ ಕೆಲಸ ಮಾಡುತ್ತಾ ಅಂತ ಪರೀಕ್ಷೆ ಮಾಡ್ಕೊಳ್ಳಿ. ಟ್ಯಾಲಿ ಓಡ್ತಿರೋ ಮೆಷಿನ್ನಿಗೆ ಕೈ ಹಾಕಬೇಡಿ, ಅದು ವಿಂಡೋಸಿಗೆ ಮಾಡಿದ್ದು. ಡಿಟಿಪಿ ಮೆಷಿನ್ ಆದ್ರೆ ಹಳೇ ನುಡಿ ಫೈಲ್‌ಗಳನ್ನೆಲ್ಲ ಯೂನಿಕೋಡಿಗೆ ಬದಲಾಯಿಸಿ ಇಟ್ಕೊಂಡ ಮೇಲೆ ಯೋಚನೆ ಮಾಡಿ. ಹೊಸ ಬಿಲ್ಲಿಂಗ್ ಅಥವಾ ಬುಕಿಂಗ್ ಸಾಫ್ಟ್‌ವೇರ್ ಮಾರೋಕೆ ಯಾರಾದ್ರೂ ಬಂದ್ರೆ ರೇಟು ಕೇಳೋಕೆ ಮುಂಚೆ, ನನ್ನ ಡೇಟಾ ಪೂರ್ತಿ ಸಿಎಸ್‌ವಿಲಿ ಈಗಲೇ ಒಂದು ಸಲ ತೆಗೆದು ತೋರಿಸಿ ಅನ್ನಿ.